ನಲವತ್ತೊಂದನೇ ತಾಯಿ

ಕಂತು ೭

“ಈ ಮಗು ಯಾರದು?”

ಯಮುನಾ ಹೀಗೆ ಕೇಳುತ್ತಿದ್ದದ್ದು ಮೂರನೇ ಸಲ. ದುರ್ಗವ್ವನ ಉತ್ತರವೂ ಮೂರನೇ ಸಲ ಅದೇ.

“ಹೇಳಿದ್ನೆಲ್ರಿ ಅಕ್ಕಾರ, ನಮ್ಮ ನೆಗೆಣ್ಣಿದು. ಆಕಿ ಕೆಲಸಕ್ಕ ಹೋಗ್ತಾಳ, ಇದು ನನ್ನ ಕಡೆ ಇರ್ತೈತಿ.”

ಹೊಸ್ತಿಲ ಮೇಲೆ ಕುಳಿತಿದ್ದ ಮೂರು ವರ್ಷದ ಹುಡುಗಿ ತಿರುಗಿ ನೋಡಿ, “ಯವ್ವಾ, ನೀರು” ಎಂದಳು. ದುರ್ಗವ್ವ ಹತ್ತು ತಿಂಗಳ ಗಂಡುಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಎದ್ದು, ಕೊಡದಿಂದ ನೀರು ಮೊಗೆದು ಕೊಟ್ಟಳು. ಕೊಟ್ಟ ಮೇಲೆ ತಾನೇನು ಮಾಡಿದೆನೆಂದು ಹೊಳೆದು, ಚಂಬು ಹಿಡಿದು ಅಲ್ಲೇ ನಿಂತುಬಿಟ್ಟಳು.

ಹೆಬ್ಬಗೋಡಿಯ ಆ ವಠಾರದಲ್ಲಿ ಸಾಲಿಗೆ ಎಂಟರಂತೆ ಹದಿನಾರು ಶೀಟಿನ ಮನೆಗಳು. ಯಮುನಾಗೆ ಇಂಥ ಮನೆಗಳೇನೂ ಹೊಸದಲ್ಲ. ಅವಳ ತಾಯಿ ವೆಂಕಟಮ್ಮ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಇಂಥದೇ ಹನ್ನೆರಡು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಯಮುನಾ ಮಾತ್ರ ಹದಿನೈದು ವರ್ಷ ಪೊಲೀಸ್ ಕೆಲಸ ಮಾಡಿ, ಹೆಡ್ ಕಾನ್‌ಸ್ಟೇಬಲ್ ಆಗಿ, ಸಾಹೇಬರೊಬ್ಬರ ಜೊತೆ ಜಗಳ ಮಾಡಿಕೊಂಡು ಬಿಟ್ಟು ಬಂದು, ಈಗ ಖಾಸಗಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡಿದ್ದಳು. “ಎಂಟು ತಿಂಗಳಿಗೇ ಆಚೆ ಬಂದವಳು, ಕಾಯೋದು ಅಂದ್ರೆ ಏನು ಅಂತ ಇವಳಿಗೆ ಗೊತ್ತೇ ಇಲ್ಲ” ಎಂದು ವೆಂಕಟಮ್ಮ ಬಂದುಹೋದವರೆದುರೆಲ್ಲ ಮಗಳನ್ನು ಆಡಿಕೊಳ್ಳುತ್ತಿದ್ದರು. ಸುಳ್ಳೇನೂ ಅಲ್ಲ. ಈಗಲೂ ಕುಳಿತಲ್ಲೇ ಅವಳ ಕಾಲು ನೆಲ ಕುಟ್ಟುತ್ತಿತ್ತು.

ನವಮಾಸ ಲ್ಯಾಬ್ಸ್‌ನ ಸಂಶೋಧಕ ನಂದೀಶ್ ಕಾಣೆಯಾಗಿ ಇವತ್ತಿಗೆ ಆರು ದಿನ. ಹುಡುಕಿಕೊಡಿ ಎಂದು ಅವಳನ್ನು ಗೊತ್ತುಮಾಡಿದವರು ಆ ಸಂಸ್ಥೆಯ ಮುಖ್ಯಸ್ಥ ಡಾ. ದೇವರಾಜ್. ನಂದೀಶನ ಡೈರಿಯ ಕೊನೆಯ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ‘ನಲವತ್ತೊಂದು ಒಬ್ಬಳಲ್ಲ.’

ಎಲೆಕ್ಟ್ರಾನಿಕ್ ಸಿಟಿಯ ಆ ಗಾಜಿನ ಕಟ್ಟಡದಲ್ಲಿ ತಾಯಂದಿರಿಗೆ ಹೆಸರಿಲ್ಲ, ನಂಬರು. ಕೆಲವು ಹೆಂಗಸರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಏಕೆ, ಅದು ವಂಶವಾಹಿಗಳಲ್ಲಿ ಎಲ್ಲಿ ಅಡಗಿದೆ, ಯಾವ ಔಷಧದಿಂದ ತಡೆಯಬಹುದು ಎಂದು ಹುಡುಕುವುದೇ ಅಲ್ಲಿನ ಕೆಲಸ. ಮುನ್ನೂರು ತಾಯಂದಿರಲ್ಲಿ ದುರ್ಗವ್ವ ನಲವತ್ತೊಂದನೆಯವಳು. ದಾಖಲೆಯ ಪ್ರಕಾರ 2022ರ ಆಗಸ್ಟಿನಲ್ಲಿ ಏಳು ತಿಂಗಳಿಗೇ ಹೆತ್ತು, ಹನ್ನೊಂದು ದಿನಕ್ಕೆ ಕೂಸನ್ನು ಕಳೆದುಕೊಂಡವಳು. ಎರಡನೇ ಬಸುರಿನಲ್ಲಿ ನವಮಾಸದ ಹೊಸ ಇಂಜೆಕ್ಷನ್ ತೆಗೆದುಕೊಂಡು, ಈ ಜನವರಿಯಲ್ಲಿ ದಿನ ತುಂಬಿ ಮೂರು ಕೆಜಿಯ ಗಂಡುಮಗು ಹೆತ್ತವಳು. ಆ ಮಗುವಿನ ಫೋಟೋವನ್ನು ಸಂಸ್ಥೆಯವರು ಲಾಬಿಯ ಗೋಡೆ ತುಂಬ ಹಾಕಿಕೊಂಡಿದ್ದರು.

ಮೊದಲ ಕೂಸು ಸತ್ತುಹೋಗಿದ್ದರೆ, ಇವಳನ್ನು ಯವ್ವಾ ಎನ್ನುವ ಈ ಮೂರು ವರ್ಷದವಳು ಎಲ್ಲಿಂದ ಬಂದಳು?

ಯಮುನಾ ಎದ್ದಳು. ಬಾಡಿಗೆ ಮನೆಗಳಲ್ಲಿ ಇರುವವರ ಪತ್ರಗಳೆಲ್ಲ ಎಲ್ಲಿರುತ್ತವೆಂದು ಮನೆ ಮಾಲೀಕರ ಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇವರ ಪಟದ ಪಕ್ಕದ ಮೊಳೆಗೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು ತೂಗುತ್ತಿತ್ತು. ಬೆಂಕಿ ಬೀಳಲಿ, ಮಾಲೀಕ ಹೊರಹಾಕಲಿ, ಅದೊಂದನ್ನು ಕೈಗೆತ್ತಿಕೊಂಡರೆ ಸಂಸಾರ ಕೈಗೆ ಬಂದಂತೆ.

“ಅದನ್ನ ಮುಟ್ಟಬ್ಯಾಡ್ರಿ!” ದುರ್ಗವ್ವ ಕೂಗುವಷ್ಟರಲ್ಲಿ ಕವರು ಕೆಳಗೆ ಬಂದಾಗಿತ್ತು.

ರೇಷನ್ ಕಾರ್ಡು, ಆಧಾರ್, ಗಂಡ ಸೋಮಪ್ಪನ ಕಟ್ಟಡ ಕಾರ್ಮಿಕರ ಕಾರ್ಡು. ಅದರ ಕೆಳಗೆ ಮಡಿಕೆ ಮಡಿಕೆಯಾಗಿ ಸವೆದ ಲಸಿಕೆ ಕಾರ್ಡು. ಹುನಗುಂದದ್ದು. ತಾಯಿಯ ಹೆಸರು ದುರ್ಗವ್ವ. ಹೆಣ್ಣುಮಗು. ಹುಟ್ಟಿದ್ದು 2022ರ ಅಕ್ಟೋಬರ್ 11. ತೂಕ ಎರಡೂಮುಕ್ಕಾಲು ಕೆಜಿ. ಯಮುನಾ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಳು.

“ಆಗಸ್ಟ್ ಎರಡಕ್ಕೆ ಹೆಬ್ಬಗೋಡೀಲಿ ಒಂದು ಹೆತ್ತೆ” ಎಂದಳು ಯಮುನಾ. “ಅಕ್ಟೋಬರ್ ಹನ್ನೊಂದಕ್ಕೆ ಹುನಗುಂದದಲ್ಲಿ ಇನ್ನೊಂದು. ಹತ್ತು ವಾರದಲ್ಲಿ ಎರಡು ಬಾಣಂತನ. ಯಾವ ದೇವ್ರು ಕೊಟ್ಟ ವರ ಕಣಮ್ಮ ಇದು?”

ದುರ್ಗವ್ವ ಗೋಡೆಗೊರಗಿ ಕುಸಿದು ಕುಳಿತಳು. ಕಂಕುಳ ಕೂಸು ಅವಳ ತಾಳಿಸರ ಹಿಡಿದು ಎಳೆಯತೊಡಗಿತು.

“ನೀವು ಪೊಲೀಸರೇನ್ರಿ?”

“ಆಗಿದ್ದೆ. ಈಗಲ್ಲ.”

“ಕೇಸು ಹಾಕ್ತೀರೇನ್ರಿ?”

“ಯಾರ ಮೇಲೆ?”

ಯಮುನಾ ಲಸಿಕೆ ಕಾರ್ಡನ್ನು ಜೋಪಾನವಾಗಿ ಮಡಚಿ, ಕವರಿಗೆ ಹಾಕಿ, ಕವರನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಅದನ್ನು ನೋಡಿದ ಮೇಲೆ ದುರ್ಗವ್ವ ಬಾಯಿ ಬಿಟ್ಟಳು.

“ನನಗೂ ಮಹಾದೇವಿಗೂ ಒಂದಾ ತಿಂಗಳ ನಿಂತಿತ್ರಿ. ಆಕಿ ನಮ್ಮ ಮೈದುನ ಮುತ್ತುನ ಹೇಣ್ತಿ. ನನಗ ಇಲ್ಲೇ ತಾಯಿ ಕಾರ್ಡ್ ಮಾಡಿಸಿದ್ರು. ಆಕಿಗೆ ಮಾಡಸಲಿಲ್ಲ.”

“ಯಾಕೆ?”

“ಆಕಿಗೆ ಆಗ ಹದಿನೇಳ್ರಿ.” ದನಿ ಪಿಸುಮಾತಿಗೆ ಇಳಿಯಿತು. “ಹದಿನೆಂಟ ತುಂಬಿಲ್ಲಂತ ಗೊತ್ತಾದ್ರ ಮುತ್ತುನ್ನ ಒಳಗ ಹಾಕ್ತಾರ, ಅತ್ತಿ ಮಾವನ್ನೂ ಬಿಡಾಂಗಿಲ್ಲ ಅಂತ ಎಲ್ಲಾರೂ ಅಂದ್ರು. ಅಷ್ಟರಾಗ ನನಗ ಕುಬುಸ ಮಾಡಿ ತವರಿಗೆ ಕರಕೊಂಡು ಹ್ವಾದ್ರು. ಅಲ್ಲಿ ಬ್ಯಾರೆ ಕಾರ್ಡ್ ಮಾಡಿದ್ರು. ಇಲ್ಲಿದು ಈ ಮೊಳೀಗೇ ಇತ್ತು.”

“ಅವಳಿಗೆ ನೋವು ಬಂದಾಗ ಅದನ್ನ ಹಿಡ್ಕೊಂಡು ಹೋದ್ರು.”

“ಏಳು ತಿಂಗಳಿಗೇ ಬಂತ್ರಿ ನೋವು! ರಗತ ಹೋಗಾಕತ್ತಿತ್ತಂತ. ಕಾರ್ಡ್ ಇಲ್ದ ಹ್ಯಾಂಗ ಹೋಗೂದ್ರಿ ದವಾಖಾನಿಗೆ? ನಾನಾ ದುರ್ಗವ್ವ ಅಂತ ಹೇಳ್ಯಾಳ. ಕೂಸು ಹನ್ನೊಂದು ದಿನ ಗಾಜಿನ ಪೆಟ್ಟಿಗ್ಯಾಗ ಇತ್ತು.”

ಮುಂದಿನದನ್ನು ಅವಳು ಹೇಳಬೇಕಾಗಿರಲಿಲ್ಲ. ಆ ಹೆರಿಗೆಯಲ್ಲಿ ನವಮಾಸದವರು ತಾಯಿಯ ರಕ್ತ ತೆಗೆದರು, ಕೂಸಿನ ಹಿಂದೆ ಬಿದ್ದ ಮಾಸಿನ ಚೂರು ತೆಗೆದಿಟ್ಟರು, ಡಬ್ಬಿಯ ಮೇಲೆ ದುರ್ಗವ್ವನ ಹೆಸರಿಗೆ ನಲವತ್ತೊಂದು ಎಂದು ಬರೆದರು. ಎರಡು ವರ್ಷದ ನಂತರ ನಿಜವಾದ ದುರ್ಗವ್ವ ಮತ್ತೆ ಬಸುರಿಯಾದಾಗ ಹುಡುಕಿಕೊಂಡು ಬಂದರು. ಹಿಂದಿನದು ಬೇಗ ಆಗಿತ್ತಲ್ಲ, ಈ ಸಲ ಹೊಸ ಇಂಜೆಕ್ಷನ್ ಕೊಡುತ್ತೇವೆ, ವಾರವಾರ ಸ್ಕ್ಯಾನ್ ಮಾಡುತ್ತೇವೆ ಎಂದರು. ಆ ಹೆರಿಗೆ ನನ್ನದಲ್ಲ ಎಂದರೆ ಮೈದುನ ಜೈಲಿಗೆ. ದುರ್ಗವ್ವ ಮಗಳನ್ನು ಪಕ್ಕದ ಮನೆಗೆ ಕಳಿಸಿ, ತೋಳು ಚಾಚಿದಳು.

ಯಮುನಾಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ದುರ್ಗವ್ವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಮೊದಲನೆಯದು ದಿನ ತುಂಬಿ ಹುಟ್ಟಿತ್ತು, ಎರಡನೆಯದೂ ದಿನ ತುಂಬಿಯೇ ಹುಟ್ಟುತ್ತಿತ್ತು. ಗೋಡೆಯ ಮೇಲಿನ ಆ ಮಗು ನೀರಿನ ಇಂಜೆಕ್ಷನ್ ಕೊಟ್ಟಿದ್ದರೂ ಹುಟ್ಟುತ್ತಿತ್ತು.

“ನಂದೀಶ್ ಸಾರ್‌ಗೂ ಇದನ್ನೆಲ್ಲ ಹೇಳಿದ್ಯಾ?”

“ಅವರಿಗೆ ಗೊತ್ತಾಗೇ ಬಂದಿದ್ರಿ. ನಿನ್ನ ರಗತಾನಾ ಬ್ಯಾರೆ, ಮೊದಲನೇ ರಗತಾನಾ ಬ್ಯಾರೆ ಅಂದ್ರು. ಎಲ್ಲಾ ಹೇಳಿದ್ನಿ. ಮಹಾದೇವಿ ಎಲ್ಲದಾಳ ಅನ್ನೂದೊಂದು ಹೇಳ್ಲಿಲ್ಲ. ಮುತ್ತು ಬ್ಯಾಡಂದಿದ್ದ.”

“ಈಗ ಎಲ್ಲಿದ್ದಾಳೆ?”

ದುರ್ಗವ್ವ ಕೂಸಿನ ಕೈಯಿಂದ ತಾಳಿಸರ ಬಿಡಿಸಿಕೊಂಡಳು.

“ನೋಡಮ್ಮ, ನಂಗೆ ಅವಳ ವಯಸ್ಸು ಕಟ್ಕೊಂಡು ಏನೂ ಆಗ್ಬೇಕಿಲ್ಲ. ಅದನ್ನ ಯಾರ ಹತ್ರಾನೂ ಬಾಯಿ ಬಿಡಲ್ಲ, ಮಾತು ಕೊಟ್ಟಿದೀನಿ ಅನ್ಕೋ. ಅವಳು ಹೇಗಿದ್ದಾಳೆ, ಅದನ್ನ ಹೇಳು.”

“ಬಸರಿ ಅದಾಳ್ರಿ. ಏಳರಾಗ ಬಿದ್ದೈತಿ.” ದುರ್ಗವ್ವನ ಕಣ್ಣು ತುಂಬಿತು. “ಮೊನ್ನಿ ಮುತ್ತುನ ಫೋನಿನಾಗ ಮಾತಾಡಿದ್ಲು. ಯಕ್ಕಾ, ಎರಡು ದಿನದಿಂದ ನಡಾ ನೋಯಾಕತ್ತೈತಿ ಅಂದ್ಲು. ಈಗ ಆಕಿದಾ ಕಾರ್ಡ್ ಐತ್ರಿ. ಅದರಾಗ ಚೊಚ್ಚಲ ಅಂತ ಬರಸ್ಯಾರ.”

ಕುಟ್ಟುತ್ತಿದ್ದ ಕಾಲು ನಿಂತಿತು. ಇಪ್ಪತ್ತು ವರ್ಷದ ಹೆಂಗಸು, ಮೊದಲ ಬಸುರು, ಯಾವ ತೊಂದರೆಯೂ ಇಲ್ಲ. ಪರೀಕ್ಷೆ ಮಾಡುವ ಯಾವ ಡಾಕ್ಟರಿಗೂ ಇದಕ್ಕಿಂತ ಹೆಚ್ಚು ಗೊತ್ತಾಗುವಂತಿರಲಿಲ್ಲ. ಅವಳ ಕಷ್ಟವೆಲ್ಲ ಇನ್ನೊಬ್ಬಳ ಕಾರ್ಡಿನಲ್ಲಿತ್ತು.

“ರಾಜಗೋಪಾಲನಗರ” ಎಂದಳು ದುರ್ಗವ್ವ ಕೊನೆಗೆ. “ಪೀಣ್ಯಾದ ಮಗ್ಗಲ. ಓಣಿ ಹೆಸರು ಗೊತ್ತಿಲ್ರಿ. ಮಾರಮ್ಮನ ಗುಡಿ ಹಿಂದ ಹಿಟ್ಟಿನ ಗಿರಣಿ ಐತಿ. ಅದರ ಎದುರು, ಮ್ಯಾಲೆ ಹಸರ ಬಾಗಲ.”

ಮುತ್ತುವಿನ ಫೋನ್ ಸ್ವಿಚ್ ಆಫ್. ಅವನು ಕೆಲಸ ಮಾಡುವ ಲೇತ್ ಶಾಪಿನಲ್ಲಿ ಶಿಫ್ಟ್ ಮುಗಿಯುವವರೆಗೆ ಫೋನ್ ಲಾಕರಿನಲ್ಲಿಡಬೇಕಂತೆ. ಮಹಾದೇವಿಗೆ ಬೇರೆ ಫೋನಿರಲಿಲ್ಲ. ಪೀಣ್ಯ ಊರಿನ ಆ ತುದಿ. ಹದಿನೈದು ನಿಮಿಷದ ದೂರದ ನವಮಾಸದಲ್ಲಿ ಡಾಕ್ಟರೂ ಇದ್ದಾರೆ, ಆಂಬುಲೆನ್ಸೂ ಇದೆ ಎಂದು ಲೆಕ್ಕ ಹಾಕಿ ಯಮುನಾ ಆಟೋ ಹತ್ತಿದಳು.

* * *

ಡಾ. ದೇವರಾಜ್ ಯಮುನಾಳ ಮೊಬೈಲಿನಲ್ಲಿದ್ದ ಲಸಿಕೆ ಕಾರ್ಡಿನ ಫೋಟೋವನ್ನು ಬಹಳ ಹೊತ್ತು ನೋಡಿದರು. ಐವತ್ತೈದರ ಆಸುಪಾಸಿನ ಮನುಷ್ಯ. ಇಸ್ತ್ರಿಯ ಬಿಳಿ ಶರ್ಟು, ಬೆರಳಲ್ಲಿ ಹವಳದ ಉಂಗುರ. ಮಾತು ಯಾವತ್ತೂ ಮೆಲ್ಲಗೆ.

“ಅಂದ್ರೆ, ನಲವತ್ತೊಂದು ಇಬ್ರು.”

“ಇಬ್ರು ಸಾರ್. ನೆಗೆಣ್ಣಿ ಕಾರ್ಡು ತಗೊಂಡು ಇನ್ನೊಬ್ಬಳು ಹೆರಿಗೆಗೆ ಹೋಗಿದ್ದಾಳೆ. ನಿಮ್ಮ ಔಷಧ ಕೆಲಸ ಮಾಡ್ತು ಅಂತ ನೀವು ಗೋಡೆಗೆ ಹಾಕಿರೋ ಸಾಕ್ಷಿ ಸುಳ್ಳು.”

“ಸುಳ್ಳು ಅನ್ಬೇಡಿ. ತಪ್ಪು ಅನ್ನಿ.”

“ಏನಾದ್ರೂ ಅನ್ಕೊಳ್ಳಿ. ನಂದೀಶ್‌ಗೆ ಗೊತ್ತಾಗಿತ್ತು. ಅವರು ನಿಮಗೆ ಹೇಳ್ಲಿಲ್ವಾ?”

“ಹೇಳಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ?”

“ಅದನ್ನೇ ನಾನೂ ಕೇಳ್ತಿರೋದು ಸಾರ್.” ಯಮುನಾ ಕುರ್ಚಿ ಎಳೆದು ಮೇಜಿಗೆ ಹತ್ತಿರವಾದಳು. “ನಿಮ್ಮ ಕಂಪ್ನಿ ನಿಂತಿರೋದೇ ಈ ಒಬ್ಬಳ ಮೇಲೆ. ಅವಳು ಸುಳ್ಳು ಅಂತ ಒಬ್ಬ ಹುಡುಗ ಕಂಡುಹಿಡೀತಾನೆ. ಆಮೇಲೆ ಅವನು ಕಾಣೆಯಾಗ್ತಾನೆ. ನಾನು ಪೊಲೀಸಲ್ಲಿದ್ದಾಗ ಇಂಥದಕ್ಕೆ ಮೊದಲು ಯಜಮಾನನ್ನೇ ಎತ್ತಾಕ್ಕೊಂಡು ಬರ್ತಿದ್ವಿ.”

ದೇವರಾಜ್ ಸಿಟ್ಟಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದರು.

“ಇಲ್ಲಿ ಬನ್ನಿ. ಕೆಳಗಡೆ ಪಾರ್ಕಿಂಗ್ ಕಾಣ್ತಿದ್ಯಲ್ಲ, ಆ ಹೊಂಗೆಮರದ ಪಕ್ಕ? ಇದೆಲ್ಲ ನಮ್ಮಪ್ಪ ಕೃಷ್ಣಪ್ಪನವರ ರಾಗಿ ಹೊಲ. ನಮ್ಮಮ್ಮ ನನಗಿಂತ ಮುಂಚೆ ನಾಲ್ಕು ಹೆತ್ರು. ನಾಲ್ಕೂ ಏಳು ತಿಂಗಳಿಗೆ. ನಾಲ್ಕನ್ನೂ ಹೂತಿದ್ದು ಅಲ್ಲೇ. ನಮ್ಮಜ್ಜಿ ಅದನ್ನ ಅಮ್ಮನ ಕರ್ಮ ಅಂತಿದ್ರು. ಕರ್ಮ ಅಲ್ಲ ಯಮುನಾ ಅವ್ರೇ. ಗರ್ಭಕೋಶಕ್ಕೆ ‘ಇನ್ನೂ ಟೈಮಿದೆ, ಸುಮ್ನಿರು’ ಅಂತ ಹೇಳೋ ಹಾರ್ಮೋನ್ ಒಂದಿದೆ. ಕೆಲವರಲ್ಲಿ ಆ ಮಾತು ಕೇಳಿಸ್ಕೊಳ್ಳೋ ಬೀಗ ಒಂಚೂರು ಬೇರೆ ಥರ ಆಗಿರುತ್ತೆ. ಕೀಲಿ ಸರಿಯಾಗಿ ಕೂರಲ್ಲ. ಅದೊಂದೇ ಕಾರಣ ಅಲ್ಲ, ಸಣ್ಣಪುಟ್ಟ ನೂರು ಸೇರಿರುತ್ತೆ. ಆದ್ರೆ ಆ ಬೀಗ ಸಿಕ್ಕಿದ್ದು ನಲವತ್ತೊಂದನೆಯವಳಲ್ಲೇ. ಆ ಬೀಗ ಹುಡುಕಿ, ಅದಕ್ಕೆ ಕೂರೋ ಕೀಲಿ ಮಾಡೋದ್ರಲ್ಲಿ ನನ್ನ ಇಪ್ಪತ್ತು ವರ್ಷ ಹೋಯ್ತು.”

ಅವರು ಹೊಂಗೆಮರದಿಂದ ಕಣ್ಣು ತೆಗೆಯಲಿಲ್ಲ. ಯಮುನಾಳ ಸಂಶಯ ಅರ್ಧ ಇಳಿದುಹೋಯಿತು. ತಾಯಿಯ ಬಗ್ಗೆ ಹೀಗೆ ಮಾತಾಡುವವರನ್ನು ಅವಳು ಸ್ಟೇಷನ್ನಿನಲ್ಲಿ ಬೇಕಾದಷ್ಟು ನೋಡಿದ್ದಳು. ನಾಟಕದವರು ಯಾರು, ಅಲ್ಲದವರು ಯಾರು ಎಂದು ಅವಳಿಗೆ ತಿಳಿಯುತ್ತಿತ್ತು. ಇದು ನಾಟಕವಾಗಿರಲಿಲ್ಲ.

“ಈಗ ಹೇಳಿ” ಎಂದರು ದೇವರಾಜ್. “ಆ ಇನ್ನೊಬ್ಬಳು ಎಲ್ಲಿದ್ದಾಳೆ?”

“ಸಾರ್, ಅವಳು ಬಸುರಿ. ಏಳನೇ ತಿಂಗಳು. ನಡುನೋವು ಶುರುವಾಗಿದೆಯಂತೆ.”

ದೇವರಾಜ್ ಒಮ್ಮೆಲೇ ತಿರುಗಿದರು. “ಎಷ್ಟು ದಿನದಿಂದ?”

“ನಾಲ್ಕು ದಿನ ಆಗಿರ್ಬೋದು. ಅವಳ ಕಾರ್ಡಲ್ಲಿ ಇದು ಚೊಚ್ಚಲು ಅಂತಿದೆ, ಯಾರಿಗೂ ಏನೂ ಗೊತ್ತಿಲ್ಲ.”

“ಪಾಪ. ಹದಿನೇಳು ವರ್ಷದ ಹುಡುಗಿ, ಆವಾಗ್ಲೇ ಎಷ್ಟು ಹೆದರಿರ್ಬೇಕು. ಈ ಸಲಾನೂ ಕಳ್ಕೊಂಡ್ರೆ ತಡ್ಕೊಳಲ್ಲ. ಹೇಳಿ, ಎಲ್ಲಿ? ನನ್ನ ಆಂಬುಲೆನ್ಸ್ ಇದೆ. ದೊಡ್ಡಾಸ್ಪತ್ರೆಗೆ ನಾನೇ ಸೇರಿಸ್ತೀನಿ. ಒಂದೊಂದು ಗಂಟೇನೂ ಲೆಕ್ಕ ಇದ್ರಲ್ಲಿ.”

ಒಂದೊಂದು ಗಂಟೆ ಎಂದರೆ ಯಮುನಾಳಂಥವಳಿಗೆ ಕೇಳಬೇಕೇ? ಮಾರಮ್ಮನ ಗುಡಿ, ಹಿಟ್ಟಿನ ಗಿರಣಿ, ಹಸಿರು ಬಾಗಿಲು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ದೇವರಾಜ್ ಚೀಟಿಯಲ್ಲಿ ಬರೆದುಕೊಂಡರು.

“ಕೆಳಗೆ ಕ್ಯಾಂಟೀನಲ್ಲಿ ಒಂದು ಕಾಫಿ ಕುಡೀತಿರಿ. ಹತ್ತೇ ನಿಮಿಷ. ಒಟ್ಟಿಗೆ ಹೋಗೋಣ.”

* * *

ಹುಟ್ಟಿದಾಗಿನಿಂದ ಯಾವುದಕ್ಕೂ ಕಾಯದ ಹೆಂಗಸು ಅವತ್ತು ಕ್ಯಾಂಟೀನಿನಲ್ಲಿ ಇಪ್ಪತ್ತೈದು ನಿಮಿಷ ಕಾದಳು. ಕಾಫಿ ಕೆನೆಗಟ್ಟಿತು. ಫೋನ್ ಮಾಡಿದರೆ ದೇವರಾಜ್ ಎತ್ತಲಿಲ್ಲ. ಮೀಟಿಂಗು ಇರಬಹುದು, ಆಂಬುಲೆನ್ಸಿಗೆ ಡ್ರೈವರ್ ಹುಡುಕುತ್ತಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎದುರಿನ ಕುರ್ಚಿಗೆ ಒಬ್ಬಳು ಬಂದು ಕುಳಿತಳು. ಬಿಳಿ ಕೋಟಿನ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದಳು. ಕೊರಳಿನ ಕಾರ್ಡಿನಲ್ಲಿ ಸೌಮ್ಯ, ಲ್ಯಾಬ್ ಟೆಕ್ನಿಷಿಯನ್ ಎಂದಿತ್ತು.

“ಮೇಡಂ, ನೀವು ನಂದೀಶ್ ಸಾರ್‌ನ ಹುಡುಕ್ತಿರೋರು ಅಲ್ವಾ? ಐದು ನಿಮಿಷ ನಾನು ಮಾತಾಡ್ತೀನಿ, ಆಮೇಲೆ ನನ್ನ ಹೆಸರು ಹೇಳ್ಬೇಡಿ.”

“ಬೇಗ ಹೇಳು. ನಿಮ್ಮ ಸಾರ್ ಬರ್ತಾರೆ, ಒಂದು ಕಡೆ ಹೋಗ್ಬೇಕು.”

“ಯಾವ ಸಾರ್? ದೇವರಾಜ್ ಸಾರ್ ಹೊರಟೋದ್ರಲ್ಲ. ಅರ್ಧ ಗಂಟೆ ಆಗ್ತಾ ಬಂತು. ಫ್ರಿಡ್ಜಿಂದ ಐಸ್ ಬಾಕ್ಸ್ ತಗೊಂಡು, ಅವರೇ ಕಾರ್ ಓಡಿಸ್ಕೊಂಡು ಹೋದ್ರು.”

ಯಮುನಾ ಕಾಫಿ ಲೋಟ ಪಕ್ಕಕ್ಕೆ ಸರಿಸಿದಳು. “ಐಸ್ ಬಾಕ್ಸಲ್ಲಿ ಏನು?”

“ಅದೇ ಇಂಜೆಕ್ಷನ್ನು. ಅದನ್ನೇ ಹೇಳೋಕೆ ಬಂದೆ ಮೇಡಂ.” ಸೌಮ್ಯ ಸುತ್ತ ನೋಡಿ ಮೇಜಿನ ಮೇಲೆ ಬಾಗಿದಳು. “ಮೊದಲ ಹೆರಿಗೇಲಿ ನಲವತ್ತೊಂದರ ಮಾಸಿನ ಜೊತೆ ತಾಯಿ ಗರ್ಭಕೋಶದ ಒಳಪದರದ ಜೀವಕೋಶಾನೂ ಬಂದಿತ್ತು. ಅದನ್ನ ಬೆಳೆಸಿ ಇಟ್ಕೊಂಡಿದೀವಿ. ಎರಡು ರಕ್ತ ಬೇರೆ ಬೇರೆ ಹೆಂಗಸರದು ಅಂತ ಗೊತ್ತಾದ್ಮೇಲೆ ನಂದೀಶ್ ಸಾರ್ ಅಂದ್ರು, ಹಾಗಾದ್ರೆ ಈ ಬೀಗ ಇರೋ ಹೆಂಗಸಿಗೆ ನಮ್ಮ ಔಷಧ ಇವತ್ತಿನವರೆಗೂ ಯಾರೂ ಕೊಟ್ಟೇ ಇಲ್ಲ ಅಂತ. ಮೊದಲು ಆ ಜೀವಕೋಶಕ್ಕೆ ಹಾಕಿ ನೋಡೋಣ ಅಂದ್ರು. ಮೂರು ಸಲ ಹಾಕಿದ್ವಿ. ನಾನೇ ಹಾಕಿದ್ದು.”

“ಏನಾಯ್ತು?”

“ಉಲ್ಟಾ ಆಯ್ತು. ಬೇರೆಯವರಲ್ಲಿ ಆ ಔಷಧ ಬೀಗ ತೆಗೆಯುತ್ತೆ. ಆ ಹೆಂಗಸಿನ ಬೀಗದಲ್ಲಿ ಮುರಿದ ಕೀಲಿ ಥರ ಸಿಕ್ಕಾಕ್ಕೊಳ್ಳುತ್ತೆ. ಅವಳ ಸ್ವಂತ ಹಾರ್ಮೋನ್ ಅಷ್ಟೋ ಇಷ್ಟೋ ಕೆಲಸ ಮಾಡ್ತಿತ್ತಲ್ಲ, ಅದಕ್ಕೂ ಜಾಗ ಬಿಡಲ್ಲ. ಅವಳಿಗೆ ಅದನ್ನ ಕೊಟ್ರೆ ಹೆರಿಗೆ ನಿಲ್ಲಲ್ಲ ಮೇಡಂ. ಶುರುವಾಗುತ್ತೆ.”

“ಇದು ದೇವರಾಜ್‌ಗೆ ಗೊತ್ತಾ?”

“ನಂದೀಶ್ ಸಾರ್ ನನ್ನೆದುರಿಗೇ ಹೇಳಿದ್ರು. ತಟ್ಟೇಲಿರೋ ಜೀವಕೋಶ ಬೇರೆ, ತುಂಬಿದ ಹೊಟ್ಟೆ ಬೇರೆ ಅಂದ್ರು ದೇವರಾಜ್ ಸಾರ್. ನನ್ನ ಔಷಧ ನನಗೆ ಗೊತ್ತು ಅಂದ್ರು. ಆ ಹುಡುಗಿ ಅಡ್ರೆಸ್ ಕೊಡು, ಅವಳಿಗೆ ಕೊಟ್ಟು ಒಂಬತ್ತು ತಿಂಗಳು ತುಂಬಿಸಿ ತೋರಿಸ್ತೀನಿ ಅಂದ್ರು. ನಂದೀಶ್ ಸಾರ್, ಗೊತ್ತಿಲ್ಲ, ಗೊತ್ತಿದ್ರೂ ಕೊಡಲ್ಲ ಅಂದ್ರು. ಮಾರನೇ ದಿನದಿಂದ ಅವರು ಬರ್ಲಿಲ್ಲ.”

ಹದಿನೇಳು ವರ್ಷದ ಹುಡುಗಿ.

ಯಮುನಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಮಹಾದೇವಿಯ ವಯಸ್ಸನ್ನು ಅವಳು ದೇವರಾಜ್‌ಗೆ ಹೇಳಿರಲಿಲ್ಲ. ದುರ್ಗವ್ವನಿಗೆ ಮಾತು ಕೊಟ್ಟಿದ್ದಳಲ್ಲ, ಬೇಕೆಂದೇ ಆ ಸುದ್ದಿ ಎತ್ತಿರಲಿಲ್ಲ. ಆ ಮನುಷ್ಯನಿಗೆ ನಂದೀಶನಿಂದ ಎಲ್ಲವೂ ಮೊದಲೇ ಗೊತ್ತಿತ್ತು, ಒಂದು ವಿಳಾಸ ಬಿಟ್ಟು. ಅವರಿಗೆ ಬೇಕಾಗಿದ್ದದ್ದು ನಂದೀಶ್ ಅಲ್ಲವೇ ಅಲ್ಲ. ನಂದೀಶನ ಹೆಸರಿನಲ್ಲಿ ಅವಳನ್ನು ಇಷ್ಟು ದಿನ ಓಡಾಡಿಸಿ, ಹಸಿರು ಬಾಗಿಲಿನ ಗುರುತು ಹೇಳಿಸಿಕೊಂಡಿದ್ದರು.

“ಥೂ ನನ್ನ ಬಾಯಿಗೆ ಬೆಂಕಿ ಹಾಕ” ಎಂದಳು. ಸೌಮ್ಯ ಏನೋ ಕೇಳಿದಳು. ಅದು ಕಿವಿಗೆ ಬೀಳುವ ಮೊದಲೇ ಯಮುನಾ ಮೆಟ್ಟಿಲಿಳಿಯುತ್ತಿದ್ದಳು.

* * *

“ಪೀಣ್ಯಾನಾ? ಬರಲ್ಲ ಮೇಡಂ” ಎಂದ ಮೊದಲ ಆಟೋದವನು. ಎರಡನೆಯವನು ತಲೆಯನ್ನಷ್ಟೇ ಆಡಿಸಿದ. ಮೂರನೆಯವನು ಮೆಟ್ರೋ ಸ್ಟೇಷನ್ನಿನವರೆಗೆ ಬಿಟ್ಟ.

ಮುಂದಿನ ರೈಲಿಗೆ ಹದಿಮೂರು ನಿಮಿಷ ಎಂದು ಬೋರ್ಡು ತೋರಿಸುತ್ತಿತ್ತು. ದೇವರಾಜ್ ಊರ ಹೊರಗಿನ ನೈಸ್ ರಸ್ತೆ ಹಿಡಿದಿದ್ದರೆ ಈಗಾಗಲೇ ಅರ್ಧ ದಾರಿ. ಪ್ಲಾಟ್‌ಫಾರಂ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಅವಳು ನೂರಾಹನ್ನೆರಡಕ್ಕೆ ಫೋನ್ ಮಾಡಿದಳು.

“ಹೇಳಿ ಮೇಡಂ, ಏನ್ ತೊಂದ್ರೆ?”

“ರಾಜಗೋಪಾಲನಗರದಲ್ಲಿ ಬಸುರಿ ಹೆಂಗಸಿಗೆ ಒಬ್ಬ ಡಾಕ್ಟರು ಇಂಜೆಕ್ಷನ್ ಕೊಡೋಕೆ ಹೋಗ್ತಿದ್ದಾನೆ. ಅದನ್ನ ತಡೀಬೇಕು.”

“ಡಾಕ್ಟರು ಇಂಜೆಕ್ಷನ್ ಕೊಡೋದು ತಪ್ಪಾ ಮೇಡಂ?”

ಬಿಡಿಸಿ ಹೇಳಿದಳು. ರೇಗಿದಳು. ತಾನೂ ಇಲಾಖೆಯಲ್ಲಿದ್ದವಳು ಎಂದಳು. ಕಳಿಸುತ್ತೇವೆ, ಅಡ್ರೆಸ್ ಸರಿಯಾಗಿ ಹೇಳಿ ಎಂದರು. ಮಾರಮ್ಮನ ಗುಡಿ ಎಂದರೆ ಯಾವ ಮಾರಮ್ಮನ ಗುಡಿ ಎಂದರು. ಅಷ್ಟರಲ್ಲಿ ರೈಲು ಬಂತು.

ಆ ರೈಲಿನಲ್ಲಿ ಅವಳು ಕೂರಲಿಲ್ಲ. ಕೂರಲು ಜಾಗವಿತ್ತು. ಒಂದೊಂದು ಸ್ಟೇಷನ್ನಿನಲ್ಲೂ ಬಾಗಿಲು ತೆರೆದು ಮುಚ್ಚುವವರೆಗೆ ಅವಳ ಹಲ್ಲು ಕಚ್ಚಿಕೊಂಡೇ ಇತ್ತು. ಮುತ್ತುವಿನ ಫೋನ್ ಸ್ವಿಚ್ ಆಫ್. ದೇವರಾಜ್ ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಆರ್.ವಿ. ರಸ್ತೆಯಲ್ಲಿ ಇಳಿದು, ಹಸಿರು ಮಾರ್ಗದ ರೈಲಿಗೆ ಓಡಿ, ಅದು ಮೆಜೆಸ್ಟಿಕ್ ದಾಟಿ, ಯಶವಂತಪುರ ದಾಟಿ, ಗೊರಗುಂಟೆಪಾಳ್ಯಕ್ಕೆ ಬರುವ ಹೊತ್ತಿಗೆ ಅವಳು ಬಾಗಿಲಿಗೇ ಬಂದು ನಿಂತಿದ್ದಳು. ಮಹಾದೇವಿ ಎಂಬ ಆ ಹುಡುಗಿಯ ಮುಖವನ್ನೂ ಅವಳು ನೋಡಿರಲಿಲ್ಲ. ಆದರೂ ಅವಳ ಮನಸ್ಸು ‘ಬೇಡ, ಬಾಗಿಲು ತೆಗೀಬೇಡ ಕಣೇ’ ಎಂದು ಬೇಡಿಕೊಳ್ಳುತ್ತಿತ್ತು.

ಪೀಣ್ಯದಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ರಾಜಗೋಪಾಲನಗರದ ಆಟೋ ಸಿಕ್ಕಿತು. ಮೊದಲ ಮಾರಮ್ಮನ ಗುಡಿಯ ಹಿಂದೆ ಗಿರಣಿ ಇರಲಿಲ್ಲ. ಎರಡನೆಯದರ ಹಿಂದೆ ಇತ್ತು. ಎದುರಿನ ಮನೆಯ ಕೆಳಗೆ ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವ ಕರ್ಕಶ ಸದ್ದು, ಸುಟ್ಟ ಎಣ್ಣೆಯ ವಾಸನೆ. ಮೇಲೆ ಹಸಿರು ಬಾಗಿಲು. ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮನೆ ಮಾಲೀಕರು ದೊಡ್ಡಮುನಿಯಪ್ಪ ಕುಳಿತಿದ್ದರು.

“ಮಹಾದೇವಿ ಇದ್ದಾಳಾ?”

“ಅವ್ಳೆ ಕಣಮ್ಮ, ಮೇಲೆ. ಏನಮ್ಮ ಇವತ್ತು ಎಲ್ಲಾ ಅವಳ್ನೇ ಕೇಳ್ಕಂಡ್ ಬತ್ತೀರ? ಪೊಲೀಸ್ ಗಾಡಿ ಅಂಗೆ ಒಂದು ಸುತ್ತು ಒಡ್ಕಂಡ್ ಓಯ್ತು. ಅದ್ಕೂ ಮುಂಚೆ ಯಾರೋ ಡಾಕ್ಟ್ರು, ದೊಡ್ಡ ಕಾರು. ಒಳ್ಳೇ ಮನ್ಸ. ಇಂಗೆ ಬಂದ್ರು, ಅಂಗೆ ಓದ್ರು.”

“ಎಷ್ಟೊತ್ತಾಯ್ತು?”

“ಅರ್ಧ ಗಂಟೆ ಆಗಿರ್ಬೋದು.”

ಯಮುನಾ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಹಸಿರು ಬಾಗಿಲು ತೆರೆದೇ ಇತ್ತು.

ಒಳಗೆ ಚಾಪೆಯ ಮೇಲೆ, ಗೋಡೆಗೆ ಒರಗಿ, ಒಂದು ಸಣ್ಣ ಮುಖದ ಹುಡುಗಿ ಕುಳಿತಿದ್ದಳು. ಕೈ ತುಂಬ ಹಸಿರು ಬಳೆ. ಎಡದೋಳಿನ ಮೇಲೆ ಅಂಟುಪಟ್ಟಿ ಹಚ್ಚಿದ ಹತ್ತಿಯ ಉಂಡೆ. ಬಂದವಳನ್ನು ನೋಡಿ ಏಳಲು ಹೋಗಿ, ಏಳಲಾರದೆ, ನಗುತ್ತ ಕುಳಿತಳು.

“ಯಮುನಾ ಮೇಡಂ ಏನ್ರಿ? ಡಾಕ್ಟರ್ ಹೇಳಿದ್ರಿ. ನೀವಾ ಅವರನ್ನ ಕಳಿಸಿದ್ರಂತ. ನಮ್ಮ ದುರ್ಗಕ್ಕಗ ಕೊಟ್ಟ ಸೂಜೀನಾ ಅಂತ, ಭಾಳ ಚೊಲೊ ಔಷಧ ಅಂತ. ದುರ್ಗಕ್ಕ ನಿಮಗ ವಿಳಾಸ ಕೊಟ್ಟಾಳಂದ ಮ್ಯಾಲೆ ನಾ ಹ್ಯಾಂಗ ಬ್ಯಾಡ ಅನ್ಲಿ? ಈ ಕೂಸು ಉಳಿತೈತಿ ಅಂದ್ರು ನೋಡ್ರಿ. ನಿಮಗ ಪುಣ್ಯ ಬರ್ಲಿ.”

ಯಮುನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಷ್ಟು ದೂರ ಓಡಿ ಬಂದವಳಿಗೆ ಈಗ ಒಂದು ಹೆಜ್ಜೆ ಮುಂದಿಡಲು ಆಗಲಿಲ್ಲ. ತನ್ನ ಹೆಸರು ಕೇಳಿಯೇ ಈ ಹುಡುಗಿ ಬಾಗಿಲು ತೆರೆದಿದ್ದಳು.

ಮಹಾದೇವಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಅವಳ ಹುಬ್ಬು ಗಂಟಿಕ್ಕಿತು, ಉಸಿರು ಒಂದು ಕ್ಷಣ ನಿಂತು ಮತ್ತೆ ಬಂತು. ಆಮೇಲೆ ಮತ್ತೆ ನಕ್ಕಳು.

“ಈಗ ಹೊಟ್ಟಿ ಬಿಗಿ ಹಿಡದು ಹಿಡದು ಬಿಡಾಕತ್ತೈತ್ರಿ ಮೇಡಂ. ಔಷಧ ಕೆಲಸ ಮಾಡಾಕತ್ತೈತಿ, ಅಲ್ರಿ?”